ನಿದ್ದೆಯಕ್ಕನ ಕೈ

ಓಣಿಯವರು ಅವಳನ್ನು ನಿದ್ದೆಯಕ್ಕ ಎಂದೇ ಕರೆಯುತ್ತಿದ್ದರು. ಕಾರ್ಖಾನೆಯೊಂದರಲ್ಲಿ ಲ್ಯಾವೆಂಡರ್ ಹೂವಿನ ಎಣ್ಣೆಯನ್ನು ಪುಟ್ಟ ಸೀಸೆಗಳಿಗೆ ತುಂಬುವುದು ಅವಳ ಕೆಲಸ. ದಿಂಬಿಗೆ ಎರಡು ಹನಿ ಹಾಕಿದರೆ ನಿದ್ದೆ, ಬೇರೆ ಎಣ್ಣೆಗೆ ಬೆರೆಸಿ ಕುತ್ತಿಗೆಗೆ ತಿಕ್ಕಿದರೆ ಆರಾಮ, ಬಟ್ಟೆಯ ನಡುವೆ ಇಟ್ಟರೆ ನುಸಿ ಸುಳಿಯದು. ಚೀಟಿಯಲ್ಲಿ ಬರೆದ ಈ ಗುಣಗಳನ್ನೆಲ್ಲ ಓಣಿಯವರು ಸೀಸೆ ಕೊಳ್ಳದೆಯೇ ಅವಳ ಕೈಯಿಂದ ಪಡೆಯುತ್ತಿದ್ದರು. ವರ್ಷಗಟ್ಟಲೆ ಎಣ್ಣೆ ಕುಡಿದ ಕೈ ಅದು. ಅಳುವ ಕೂಸಾಗಲಿ, ಜಗಳವಾಡಿ ಬಂದ ಗಂಡಸಾಗಲಿ, ಅವಳು ಹಣೆ ಸವರಿದರೆ ತಣ್ಣಗಾಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ; ಇವಳ ಪಾಲಿಗೆ ಆ ಗಾದೆಯೂ ಸುಳ್ಳಾಯಿತು. ಸೊಸೆಯ ಕೈ ಹಣೆಗೆ ತಾಗದೆ ಅತ್ತೆಗೆ ಕಣ್ಣೇ ಮುಚ್ಚುತ್ತಿರಲಿಲ್ಲ.

ಅವಳಿಗೋ ಆ ಎಣ್ಣೆ ಆಗುತ್ತಿರಲಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ದಿನವಿಡೀ ಅದನ್ನೇ ಉಸಿರಾಡಿ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಹೇಳಿಕೊಂಡರೆ ಮಾಲೀಕ ನಗುತ್ತಿದ್ದ.

"ತಲೆನೋವು ಕಳೆಯೋ ಎಣ್ಣೆಯಿಂದ್ಲೇ ತಲೆನೋವಾ? ಚೆನ್ನಾಗಿದೆ!"

ರಜೆಯ ದಿನ ನಿಂಬೆಹಣ್ಣು, ಸೋಪು ಹಚ್ಚಿ ಚರ್ಮ ಕಿತ್ತು ಬರುವಂತೆ ಕೈ ತಿಕ್ಕಿಕೊಂಡು ಬೇಕರಿಗೆ ಹೋಗಿ ಕೆಲಸ ಕೇಳಿದಳು. ಪರೀಕ್ಷೆಗೆಂದು ಹಿಟ್ಟು ನಾದಿಸಿದರು. ಅಲ್ಲಿ ದೊಡ್ಡ ಕಿಟಕಿಯಿತ್ತು. ಎಷ್ಟೋ ಕಾಲದ ಮೇಲೆ ಅವಳು ಕೆಲಸ ಮಾಡುತ್ತ ಹಾಡು ಗುನುಗಿದಳು.

ಬನ್ ಬೆಂದಿತು. ಬೇಕರಿಯಮ್ಮ ಮುರಿದು, ಮೂಸಿ, ಬಾಯಿಗಿಡದೆ ಕೆಳಗಿಟ್ಟರು.

"ಹದ ಚೆನ್ನಾಗಿ ಬಂದಿದೆ ಕಣಮ್ಮ. ಆದ್ರೆ ಇದನ್ನ ತಿನ್ನೋಕಾಗಲ್ಲ, ದಿಂಬಿನ ಥರ ತಲೆಯಡಿ ಇಟ್ಕೊಂಡು ಮಲಗಬೇಕು ಅಷ್ಟೆ. ಒಂದೆರಡು ತಿಂಗಳು ಆ ಎಣ್ಣೆ ಮುಟ್ಟದೆ ಇದ್ದು ಬಾ. ಕೆಲಸ ನಿಂದೇ."

ಮನೆಗೆ ಬಂದು ಹೇಳಿದಾಗ ಗಂಡ ತಲೆ ಕೆರೆದುಕೊಂಡ.

"ವಾಸನೆ ಹೋದ್ಮೇಲೆ ಅಮ್ಮ ನಿದ್ದೆ ಮಾಡೋದು ಹೇಗೆ?"

"ಒಂದು ಸೀಸೆ ತಂದಿಡೋಣ."

"ಸೀಸೆಗೆ ಕೈ ಇರತ್ತೇನೆ?"

ಅತ್ತೆ ಕೆಟ್ಟವರಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಪಾಪ, ಅವರು ಆಗಲೇ ಚಾಪೆ ಹಾಸಿ, ಪಕ್ಕದಲ್ಲಿ ಸೊಸೆಗೆ ಜಾಗ ಬಿಟ್ಟು ಮಲಗಿದ್ದರು. ಅವಳು ಕೂತು ಅವರ ಹಣೆಯ ಮೇಲೆ ಕೈಯಿಟ್ಟಳು.

"ಅತ್ತೆ, ನಂಗೆ ಆಗ್ತಿಲ್ಲ. ಈ ಎಣ್ಣೆಯಿಂದ ತಲೆ ಸಿಡೀತಿದೆ. ಈ ಕೆಲಸದಿಂದ ಬಿಡಿಸಿ ನನ್ನ."

ಅತ್ತೆ ಕಣ್ಣು ತೆರೆಯದೆ, ಅಕ್ಕರೆಯಿಂದಲೇ ಅಂದರು: "ಅಯ್ಯೋ ಹುಚ್ಚಿ, ಇನ್ನೊಂದು ಕೈ ಖಾಲಿ ಇದೆಯಲ್ಲ. ನಿನ್ನ ಹಣೆ ಮೇಲೆ ಇಟ್ಕೊ."