ನಾಯಿಗೂ ಹಿಡಿಸಿದ ಸೂತಕ

ನಮ್ಮ ಕಾಕಾ, ಅಪ್ಪನ ತಮ್ಮ, ಮಿಲಿಟರಿಯಲ್ಲಿ ನಾಯಿಗಳನ್ನು ಪಳಗಿಸುವ ಕೆಲಸದಲ್ಲಿದ್ದ. ನಿವೃತ್ತನಾಗಿ ನಮ್ಮೂರು ಕಲ್ಲೋಳಿಗೆ ಬಂದವನು ಉಳಿದವರ ಹಾಗೆ ಕಟ್ಟೆ ಹಿಡಿದು ಕೂರಲಿಲ್ಲ. ಹೊಲದಲ್ಲಿ ಬಾವಿಯ ಪಕ್ಕದ ಬರಡು ತುಂಡಿನಲ್ಲಿ ಗೂಟ ನೆಟ್ಟು ಅಡ್ಡಬೊಂಬುಗಳನ್ನು ಇಟ್ಟ. ಹಳೆಯ ಟ್ರ್ಯಾಕ್ಟರ್ ಟಾಯರನ್ನು ಬೇವಿನ ಕೊಂಬೆಗೆ ತೂಗುಹಾಕಿದ. ಮುಧೋಳದ ಕಡೆಯಿಂದ ಬೇಟೆನಾಯಿಯ ಒಂದು ಹೆಣ್ಣುಮರಿ ತಂದ. ಊರವರಿಗೆ ನಗಲು ಒಂದು ನೆಪ ಸಿಕ್ಕಿತು.

'ಏನ್ರಿ, ನಾಯಿಗೆ ಸಾಲಿ ತಗದೀರೇನು?'

'ಹೂಂ. ನಿಮ್ಮ ಹುಡುಗರ ಸಾಲಿಗಿಂತ ಚಲೋ ನಡದೈತಿ' ಎನ್ನುತ್ತಿದ್ದ ಕಾಕಾ.

ನಮ್ಮದೆಲ್ಲ ಒಂದೇ ಮನೆ. ಕಾಕಾ, ಅವನ ಹೆಂಡತಿ ಕಾಕೂ, ಇಬ್ಬರಿಗೂ ಮಕ್ಕಳಿರಲಿಲ್ಲ. ಮರಿಯನ್ನು ಇಬ್ಬರೂ 'ಮಗಳ' ಎಂದೇ ಕರೆಯುತ್ತಿದ್ದರು. ಅವಳಿಗೆ ಕಲಿಸುವವನು ಕಾಕಾ, ಅವಳ ಜೊತೆ ಓಡುವವನು ನಾನು. ಆಗ ನನಗೆ ಇಪ್ಪತ್ತನಾಲ್ಕು. ಮೂಡಲಗಿಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ಮಡಚಿ, ಸಂಜೆ ಬಸ್ಸಿಳಿದು ನೇರ ಹೊಲಕ್ಕೆ ಹೋಗುತ್ತಿದ್ದೆ. ಅವಳು ಬದುವಿನಲ್ಲಿ ಕಾದು ನಿಂತಿರುತ್ತಿದ್ದಳು. 'ಹಾರ್' ಎಂದರೆ ಸಾಕು, ಬೊಂಬು ದಾಟಿ, ಟಾಯರೊಳಗೆ ತೂರಿ, ನನಗಿಂತ ಮೊದಲೇ ಆಚೆ ತುದಿಯಲ್ಲಿ ನಿಂತು ನನ್ನನ್ನೇ ಅಣಕಿಸುವಂತೆ ನೋಡುತ್ತಿದ್ದಳು. ಗೋಕಾಕದಲ್ಲಿ ನಡೆದ ನಾಯಿಗಳ ಅಡೆತಡೆ ಓಟದ ಸ್ಪರ್ಧೆಯಲ್ಲಿ ನಮಗೆ ಎರಡನೇ ಬಹುಮಾನ ಬಂತು, ಒಂದು ಸ್ಟೀಲ್ ಕೊಡ. ಮೊದಲನೆಯದು ತಪ್ಪಿದ್ದು ನಾನು ಎಡವಿದ್ದರಿಂದ. ಕಾಕಾ ಊರು ಮುಟ್ಟುವ ತನಕ ನನಗೆ ಬೈದ, ನಾಯಿಗೆ ಪೇಢೆ ತಿನ್ನಿಸಿದ.

ಆ ಶ್ರಾವಣದಲ್ಲಿ ಕಾಕಾ ಹೋದ. ಬೆಳಿಗ್ಗೆ ಚಹಾ ಕುಡಿದು ಬಸಿ ಕೆಳಗಿಟ್ಟವನು ಹಾಗೆಯೇ ಗೋಡೆಗೆ ಒರಗಿದ. ಎದೆಬಡಿತ ನಿಂತುಹೋಗಿತ್ತು.

ನಮ್ಮಲ್ಲಿ ಸಾವಾದ ಮನೆಯವರು ವರ್ಷ ತುಂಬುವ ತನಕ ಹಬ್ಬ ಮಾಡುವುದಿಲ್ಲ, ಕರಿಯಲು ಎಣ್ಣೆಯ ಬಾಣಲೆ ಒಲೆಯ ಮೇಲಿಡುವುದಿಲ್ಲ, ಆಟಪಾಟಗಳಿಗೆ ಹೋಗುವುದಿಲ್ಲ. ನಾಯಿಯ ವಿಷಯ ಯಾರೂ ಎತ್ತಿರಲಿಲ್ಲ. ಎತ್ತಿದವನು ನಾನೇ. ನಾಯಿ ಓಡಿಸುವುದೂ ಆಟವೇ ತಾನೆ, ವರ್ಷ ತುಂಬುವ ತನಕ ಬೇಡ ಎಂದೆ. ಆದರೆ ಅವಳು ದಿನಾ ಸಂಜೆ ಹೊಲಕ್ಕೆ ಓಡಿ ತಾನೇ ಬೊಂಬು ಹಾರತೊಡಗಿದಳು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಮರುದಿನವೇ ಅವಳನ್ನು ಹಿತ್ತಲಿನ ಕಂಬಕ್ಕೆ ಸರಪಳಿಯಿಂದ ಕಟ್ಟಿದೆ.

ಕಾಕೂ ತಡೆಯಲಾರದೆ ಒಂದು ದಿನ ಹೇಳಿದಳು: 'ಬಿಚ್ಚೋ ಅದನ್ನ. ಸಂಜೀಕ ಬಾಗಲಾ ನೋಡಕೋತ ಕುಂಡರತೈತಿ. ಅದಕ್ಯಾಕ ಸೂತಕಾ?'

'ಮಣ್ಣು ಮಾಡಿ ತಿಂಗಳಾಗಿಲ್ಲ, ಇವಾ ನಾಯಿ ಆಡಸಾಕತ್ತಾನ ಅಂತಾರ ಮಂದಿ. ನಿನಗ ನಡೀತೈತೇನು?'

'ನನಗ ನಡೀತೈತಿ' ಎಂದಳು ಕಾಕೂ. ಗಂಡನನ್ನು ಕಳೆದುಕೊಂಡವಳಿಗೇ ನಡೆಯುತ್ತಿದ್ದದ್ದು ನನಗೆ ನಡೆಯಲಿಲ್ಲ. ಕಾಕಾನ ಮೇಲಿನ ಪ್ರೀತಿಗಿಂತ ಮಂದಿಯ ಬಾಯಿಯ ಹೆದರಿಕೆಯೇ ಹೆಚ್ಚಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಯಾರಾದರೂ ಹಾಗೆಂದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಹಬ್ಬ ಬಂದಾಗೆಲ್ಲ ಬೀಗರು, ನೆರೆಯವರು ನಮಗೆ ಸಿಹಿ ಕಳಿಸುತ್ತಿದ್ದರು. ತುಕ್ಕಾನಟ್ಟಿಯಿಂದ ಹೋಳಿಗೆ, ದಡ್ಡಿಯಿಂದ ಕರಿಗಡಬು, ಬಾಜೂ ಮನೆಯ ಜೈನರಿಂದ ಡಬ್ಬಿ ತುಂಬ ಉಂಡಿ. ನಮಗೆ ಯಾರಿಗೂ ತಿನ್ನುವ ಮನಸ್ಸಿರಲಿಲ್ಲ. ಅವೆಲ್ಲ ಹಿತ್ತಲಿಗೆ ಹೋದವು. ಪಕ್ಕೆಲುಬು ಎಣಿಸುವಂತಿದ್ದ ನಾಯಿ ಯುಗಾದಿಯ ಹೊತ್ತಿಗೆ ಗುಂಡಗಾಗಿತ್ತು. ಮೈ ತುಂಬಿಕೊಂಡಾಳ ಎಂದು ನಾವು ಹಿಗ್ಗಿದೆವು.

ವರ್ಷದ ಕಾರ್ಯ ಮುಗಿದ ವಾರದಲ್ಲೇ ಹುಕ್ಕೇರಿಯಲ್ಲಿ ನಾಯಿಗಳ ಸ್ಪರ್ಧೆ ಇದೆ ಎಂದು ಗೊತ್ತಾಯಿತು. ಉಳಿದಿದ್ದು ಎಂಟೇ ದಿನ. ಕಾಕಾನ ಹೆಸರು ಉಳಿಸಬೇಕು, ಈ ಸಲ ಮೊದಲನೆಯದೇ ಬರಬೇಕು ಎಂದು ತಲೆಗೆ ಹೊಕ್ಕಿತು. ಅಂಗಡಿಗೆ ರಜೆ ಹಾಕಿ ಬೆಳಿಗ್ಗೆಯೇ ಸರಪಳಿ ಬಿಚ್ಚಿದೆ. ಅವಳು ನನಗಿಂತ ಮುಂದೆ ಹೊಲ ಮುಟ್ಟಿ, ಓಟ ಶುರುವಾಗುವ ಜಾಗದಲ್ಲಿ ಕೂತು ಬಿಟ್ಟಳು. ವರ್ಷವಾದರೂ ಜಾಗ ಮರೆತಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ನಾನು ಬೊಂಬನ್ನು ಮೊದಲಿನ ಎತ್ತರಕ್ಕೇ, ನನ್ನ ಸೊಂಟದ ಮಟ್ಟಕ್ಕೇ ಇಟ್ಟೆ. ಬುತ್ತಿ ತಂದಿದ್ದ ಕಾಕೂ ದೂರದಿಂದಲೇ ಅಂದಳು, 'ಕೆಳಗ ಇಡೋ. ಮೊದಲ ನಾಕ ದಿನಾ ಸುಮ್ಮ ದಾಟ್ಲಿ.'

'ಟೈಮ್ ಇಲ್ಲ ಕಾಕೂ.'

'ಹಾರ್' ಎಂದೆ. ಓಡಿಬಂದವಳು ಬೊಂಬಿನ ಮುಂದೆ ನಿಂತಳು. ಮತ್ತೆ ಕರೆತಂದು ಬಿಟ್ಟೆ, ಮತ್ತೆ ನಿಂತಳು. ಬಾಲ ಕೆಳಗಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಮೂರನೆಯ ಸಲ ಯಾರನ್ನೋ ಬೈಯುವ ದನಿಯಲ್ಲಿ ಕೂಗಿದೆ. ಅವಳು ಹಾರಿದಳು. ಮುಂಗಾಲು ದಾಟಿದವು, ಹಿಂದಿನವು ಬೊಂಬಿಗೆ ಸಿಕ್ಕವು. ಆ ಭಾರವೆಲ್ಲ ಒಂದೇ ಮಗ್ಗುಲಿಗೆ ನೆಲಕ್ಕೆ ಬಿತ್ತು. ಒಂದೇ ಒಂದು ಸಲ ಕುಂಯ್ ಎಂದಳು.

ಟೆಂಪೋದಲ್ಲಿ ಹಾಕಿಕೊಂಡು ಗೋಕಾಕದ ದನದ ದವಾಖಾನೆಗೆ ಒಯ್ದೆವು. ತೊಡೆಯ ಸಂದು ಮುರಿದಿದೆ ಎಂದರು ಡಾಕ್ಟರು. 'ಎಷ್ಟು ದಿನದಿಂದ ಕಟ್ಟಿ ಹಾಕಿದ್ರಿ?' ಎಂದು ಕೇಳಿದರು. ಕಾಕೂ ಹೇಳಿದಳು, 'ವರ್ಷಾತ್ರಿ. ನಮ್ಮ ಮನ್ಯಾಗ ತೀರಕೊಂಡಿದ್ರು.' ಅವರು ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದರು. ಜೀವಕ್ಕೆ ಭಯವಿಲ್ಲ, ಕುಂಟು ಮಾತ್ರ ಹೋಗುವುದಿಲ್ಲ, ಇನ್ನು ಹಾರಿಸಬೇಡಿ ಎಂದು ಪಟ್ಟಿ ಕಟ್ಟಿದರು.

ಬರುವಾಗ ಟೆಂಪೋದಲ್ಲಿ ನಾಯಿಯ ತಲೆ ಕಾಕೂಳ ತೊಡೆಯ ಮೇಲಿತ್ತು. ಕಾಕೂ ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ನಾಯಿಯ ಕಿವಿ ಸವರುತ್ತ ಹೇಳಿದಳು: 'ಅವ್ರು ಹ್ವಾದ್ರು ಅಂತ ನನಗ ಎಲ್ಲಾರೂ ಬಂದು ಹೇಳಿದ್ರು, ಅತ್ರು, ಸಮಾಧಾನ ಮಾಡಿದ್ರು. ಇದಕ್ಕ ಯಾರು ಹೇಳಿದ್ರೋ? ತಾ ಏನ ತಪ್ಪ ಮಾಡೇನಿ ಅಂತ ಕಟ್ಟಿ ಹಾಕ್ಯಾರ ಅನ್ನೂದ ಸೈತ ತಿಳದಿಲ್ಲ.'

ಎರಡು ತಿಂಗಳ ನಂತರ ಗೂಟ ಕೀಳಲು ಹೊಲಕ್ಕೆ ಹೋದೆ. ಒಂದು ಬೊಂಬು ತೆಗೆದಿದ್ದೆ. ಹಿಂದೆ ಸದ್ದಾಯಿತು ಎಂದು ತಿರುಗಿದರೆ, ಮನೆಯಿಂದ ಅಷ್ಟು ದೂರ ಕುಂಟುತ್ತ ಬಂದವಳು ಓಟ ಶುರುವಾಗುವ ಜಾಗದಲ್ಲಿ ಕೂತಿದ್ದಳು. ಕಿವಿ ನಿಮಿರಿದ್ದವು. ನಾನು ಗೂಟ ಬಿಟ್ಟು ಅಲ್ಲೇ ಮಣ್ಣಲ್ಲಿ ಕೂತೆ. ಏನಾದರೂ ಮಾತಾಡಲಿಕ್ಕೂ ಭಯವಾಯಿತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. 'ಹಾರ್' ಎಂದಿದ್ದರೆ, ಆ ಕಾಲಿನಲ್ಲೂ ಹಾರಿಬಿಡುತ್ತಿದ್ದಳು.