ಜಮಖಾನೆ ಬಿಟ್ಟೇಳದ ಅತ್ತೆ

ಕೇಳಿದಿರಾ ಗೆಳತಿಯರೇ, ಇವತ್ತು ಗುಂಡ್ಲುಪೇಟೆಯ ನಮ್ಮ ಮನೆಗೆ ನಾದಿನಿಯನ್ನು ನೋಡಲು ಹರದನಹಳ್ಳಿಯಿಂದ ಗಂಡಿನವರು ಬರುವವರಿದ್ದರು. ಪಟೇಲರ ಮನೆಯಿಂದ ಕೇಳಿ ತಂದು ಹಾಸಿದ್ದ ಜಮಖಾನೆಯ ಬಿಳಿ ಪಟ್ಟೆಯ ಮೇಲೆ, ಹೊಸಲಿಗೆ ಬಳಿಯಲು ಕಲಸಿದ್ದ ಅರಿಸಿನವನ್ನು ನಾದಿನಿ ಚೆಲ್ಲಿದಳು. ಗಾಬರಿಯಲ್ಲಿ ನಾನು ಒಗೆಯುವ ಸೋಡಾ ಹಾಕಿ ತಿಕ್ಕಿದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವ ನನಗೆ ಅಷ್ಟೂ ಹೊಳೆಯಬಾರದೇ? ಸೋಡಾ ತಾಗಿದ್ದೇ ಕಲೆ ರಕ್ತಗೆಂಪಾಯಿತು.

“ಏನ್ ಮಾಡ್ಬುಟ್ಟೆ ಕಣಮ್ಮಿ! ಲಿಂಗವಂತ್ರ ಮನೇಲಿ ಕುರಿ ಕುಯ್ದಂಗದಲ್ಲ!” ಎಂದು ಅತ್ತೆ ತಲೆ ಚಚ್ಚಿಕೊಂಡರು.

ಅಷ್ಟರಲ್ಲಿ ಗಂಡಿನವರು ಬಾಗಿಲಿಗೇ ಬಂದರು. ಅತ್ತೆ ದಡಕ್ಕನೆ ಕಲೆಯ ಮೇಲೆ ಕೂತರು. ಕಾಲಿಗೆ ನೀರು ಕೊಡಲೂ ಏಳಲಿಲ್ಲ. ಗಂಡಿನ ತಾಯಿ ನಿಂತೇ ಇದ್ದರು. ಇವರು ಕೂತಲ್ಲಿಂದಲೇ “ಬನ್ನಿ, ಕೂತ್ಕಳಿ” ಎಂದರು.

ಹುಡುಗಿ ಒಪ್ಪಿಗೆಯಾದಳು. ಹೊರಡುವಾಗ ಗಂಡಿನ ತಾಯಿ ನನ್ನ ಕಿವಿಯಲ್ಲಿ, “ನಿಮ್ಮತ್ತೆಗೆ ಬಾಳ ದೊಡ್ಡಸ್ತಿಕೆ ಕಣವ್ವ” ಎಂದರು.

ಆಮೇಲೆ ಹುಣಸೆಹುಳಿ ತಿಕ್ಕಿದೆ. ಕೆಂಪು ಮತ್ತೆ ಹಳದಿಯಾಯಿತು. ನಾಲ್ಕು ದಿನ ಬಿಸಿಲಿಗೆ ಹಾಕಿದರೆ ಹಳದಿಯೂ ಹೋಗುತ್ತದೆ. ಅತ್ತೆಗೆ ಹತ್ತಿದ ದೊಡ್ಡಸ್ತಿಕೆಯ ಹೆಸರನ್ನು ಯಾವುದರಲ್ಲಿ ತಿಕ್ಕಲಿ, ಗೊತ್ತಿದ್ದವರು ಹೇಳಿ.