ಖಾಲಿ ಗಾಡಿಯ ಪಾಟಾ

ಅವ್ವನನ್ನು ಆಸ್ಪತ್ರೆಯಿಂದ ನಿಡೋಣಿಗೆ ಯಾವ ಗಾಡಿಯಲ್ಲಿ ಒಯ್ಯಬೇಕು ಎಂದು ತೀರ್ಮಾನಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಹೇಗೆ ಎಂದು ನೆನೆಸಿಕೊಂಡರೆ ನನಗೆ ಎರಡು ಬಗೆಯಲ್ಲಿ ನೆನಪಾಗುತ್ತದೆ. ಒಂದರಲ್ಲಿ ನನ್ನ ತಮ್ಮ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು, "ನೀನ ಎರಡೂ ಗಾಡ್ಯಾಗ ಕುಂತು ನೋಡ ಅಕ್ಕಾ, ಯಾವ್ದು ಮೆತ್ತಗ ಹೋಗ್ತೈತಿ ಅದರಾಗ ಒಯ್ಯೂಣು" ಎನ್ನುತ್ತಾನೆ. ಇನ್ನೊಂದರಲ್ಲಿ ಯಾರೂ ಏನೂ ಹೇಳುವುದಿಲ್ಲ, ನಾನೇ ಮುಂದಾಗಿ ನೋಡುತ್ತೇನೆ ಎನ್ನುತ್ತೇನೆ. ಎರಡರಲ್ಲಿ ಯಾವುದು ನಡೆದದ್ದು ಎಂದು ತಮ್ಮನನ್ನು ಕೇಳಬಹುದು. ಕೇಳಿಲ್ಲ.

ಅವ್ವ ನಿಡೋಣಿಯಲ್ಲಿ ತಮ್ಮನ ಸಂಸಾರದೊಂದಿಗೆ ಇರುವವಳು. ಎಮ್ಮೆಯ ಕರು ಹಗ್ಗ ಜಗ್ಗಿದಾಗ ಅಂಗಳದಲ್ಲಿ ಕುಕ್ಕರಿಸಿ ಬಿದ್ದಳು. ಬೆನ್ನಿನ ಎಲುಬು ಒಂದು ಕಡೆ ಬಿರುಕು ಬಿಟ್ಟಿತು. ವಿಜಯಪುರದ ಆಸ್ಪತ್ರೆಯಲ್ಲಿ ಕೆಲವು ದಿನ ಮಲಗಿಸಿಕೊಂಡ ಮೇಲೆ ಡಾಕ್ಟರು ಮನೆಗೆ ಹೋಗಬಹುದು ಎಂದರು. ಜೊತೆಗೆ ಒಂದು ಮಾತು ಸೇರಿಸಿದರು: "ಮಲಗಿಸ್ಕೊಂಡ ಒಯ್ರಿ. ದಾರ್‍ಯಾಗ ಝಟಕಾ ಮಾತ್ರ ಬೀಳಬಾರದು. ನರಕ್ಕ ಒತ್ತು ಬಿತ್ತಂದ್ರ ಕಾಲಿನ ಶಕ್ತಿ ಹೋಗ್ತದ."

ನಾನು ಅಂಬುಲೆನ್ಸ್ ಎಂದೆ. ಅವ್ವ ಒಪ್ಪಲಿಲ್ಲ.

"ಅದು ಬಂದು ಮನಿ ಮುಂದ ನಿಂತ್ರ, ಒಳಗ ಯಾರದಾರ, ಜೀವ ಐತೋ ಇಲ್ಲೋ ನೋಡಂಗಿಲ್ಲ ಬೇ ನಮ್ಮ ಓಣಿಯವ್ರು. ಅಳಾಕ ಸುರು ಮಾಡ್ತಾರ. ನಾ ಎದ್ದು ಸುಮ್ನಿರ್ರಿ ಅನ್ನಾಕೂ ಬರಂಗಿಲ್ಲ, ಡಾಕ್ಟರ್ ಏಳಬ್ಯಾಡ ಅಂದಾನ."

ನಗಿಸುವುದಕ್ಕೆ ಹೇಳಿದ್ದಲ್ಲ. ಅಪ್ಪ ತೀರಿಕೊಂಡಾಗ ಮನೆಗೆ ಬಂದದ್ದು ಹಾಗೆ, ಅಂಬುಲೆನ್ಸಿನಲ್ಲಿ, ಎಂದು ಅವಳ ನೆನಪು. ತೆರೆದ ಟೆಂಪೋದಲ್ಲಿ ಎಂದು ನನ್ನ ನೆನಪು. ಅದನ್ನು ಎತ್ತುವ ಹೊತ್ತು ಅದಾಗಿರಲಿಲ್ಲ. ತಮ್ಮ ಅವಳ ಪರ ವಹಿಸಿದ. "ಅಂಬುಲೆನ್ಸಿಗೇನ ಹೂವಿನ ಹಾಸಿಗಿ ಇರ್ತೈತೇನಕ್ಕಾ? ಅದಕ್ಕೂ ಹಿಂದ ಪಾಟಾನ."

ನಮ್ಮ ಬಳಗದಲ್ಲಿ ಜೀಪಿನಂಥ ಎರಡು ದೊಡ್ಡ ಗಾಡಿಗಳಿದ್ದವು. ಒಂದು ತಮ್ಮನದು, ಹಳೆಯದು. ಇನ್ನೊಂದು ನನ್ನ ತಂಗಿಯ ಗಂಡನದು, ಅದಕ್ಕಿಂತ ಈಚಿನದು. ಅವರು ಕಳ್ಳಕವಟಗಿಯವರು, ದ್ರಾಕ್ಷಿ ಬೆಳೆಯುವವರು. ಎರಡಕ್ಕೂ ಹಿಂದಿನ ಗಾಲಿಗಳ ಮೇಲೆ ಸುರುಳಿ ಸ್ಪ್ರಿಂಗ್ ಇಲ್ಲ. ಒಂದರ ಮೇಲೊಂದು ಜೋಡಿಸಿ ಬಿಗಿದ ಬಾಗಿದ ಉಕ್ಕಿನ ಪಟ್ಟಿಗಳು, ಅಂದರೆ ಪಾಟಾ. ಎರಡೂ ಕಂಪನಿಯಿಂದ ಬಂದಾಗ ಹೇಗಿದ್ದವೋ ಹಾಗೇ ಇವೆ, ಹೆಚ್ಚಿನ ಪಟ್ಟಿ ಹಾಕಿಸಿಲ್ಲ ಎಂದು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೆಮ್ಮೆಯಿಂದ ಹೇಳಿದರು. ನಾನು ಗಾಡಿಗಳ ಹಿಂದೆ ಬಗ್ಗಿ ನೋಡಿದೆ. ತಮ್ಮನ ಗಾಡಿಯ ಪಟ್ಟಿಗಳು ದಪ್ಪ, ಗಿಡ್ಡ, ಹೆಚ್ಚು ಬಾಗಿದವು. ತಂಗಿಯ ಗಂಡನ ಗಾಡಿಯವು ತೆಳು, ಉದ್ದ, ಸಂಖ್ಯೆಯಲ್ಲಿ ಕಡಿಮೆ, ಹೆಚ್ಚುಕಡಿಮೆ ಚಪ್ಪಟೆ. ಉದ್ದನೆಯದು ಮೃದುವಾಗಿ ಬಳುಕುತ್ತದೆ ಎಂದು ಅಂದಾಜು ಮಾಡಲು ವಿಶೇಷ ಓದು ಬೇಕಿಲ್ಲ. ಆದರೂ ಕುಳಿತು ನೋಡಬೇಕು ಅನ್ನಿಸಿತು.

ಮೊದಲು ತಮ್ಮನದು. ಅವ್ವ ಮಲಗುವಂತೆಯೇ ಹಿಂದಿನ ಸೀಟು ಮಡಚಿಸಿ ನಾನೇ ಮಲಗಿದೆ. ವಿಜಯಪುರದಿಂದ ಬಬಲೇಶ್ವರದ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ಬಂದೆವು. ಮಲಗಿದವಳಿಗೆ ರಸ್ತೆ ಕಾಣುವುದಿಲ್ಲ. ಮೇಲೆ ಗಾಡಿಯ ಚಾವಣಿ, ಪಕ್ಕದಲ್ಲಿ ಜಾರುವ ಬೇವಿನ ಮರಗಳ ತುದಿ. ಪ್ರತಿ ಉಬ್ಬಿನ ಮೇಲೂ ಗಾಡಿಯ ಹಿಂಭಾಗ ಎತ್ತಿ ಒಗೆದ ಹಾಗಾಗುತ್ತಿತ್ತು.

"ಹ್ಯಾಂಗೈತಿ ಅಕ್ಕಾ?"

"ನನ್ನ ಹಲ್ಲು ಎಷ್ಟ ಉಳದಾವು ಎಣಿಸಿ ಹೇಳ್ತೀನಿ ತಡಿ."

"ನೀ ಹಗುರದಿ, ಪುಟಿತಿ. ಗಾಡಿ ತಪ್ಪಲ್ಲ" ಎಂದ. ಇದು ನನಗೆ ಚೆನ್ನಾಗಿ ನೆನಪಿದೆ. ಅಷ್ಟು ಚೆನ್ನಾಗಿ ನೆನಪಿರುವುದರಿಂದಲೇ, ಆಮೇಲೆ ನಡೆದದ್ದನ್ನು ನೋಡಿ ನಾನು ಈ ಮಾತನ್ನು ಅವನ ಬಾಯಿಗೆ ಹಾಕಿದ್ದೇನೆಯೇ ಎಂಬ ಅನುಮಾನವೂ ಇದೆ.

ಎರಡು ದಿನ ಬಿಟ್ಟು ತಂಗಿಯ ಗಂಡನ ಗಾಡಿ. ಅವರು ಒಣದ್ರಾಕ್ಷಿ ಹೇರಿಕೊಂಡು ನಗರಕ್ಕೆ ಬರುವವರಿದ್ದರು. ನಾನು ಬಸ್ಸಿನಲ್ಲಿ ತಿಕೋಟಾಕ್ಕೆ ಹೋಗಿ ಅಲ್ಲಿ ಅವರ ಗಾಡಿ ಹತ್ತಿದೆ. ಹಿಂದೆ ಡಬ್ಬಿಗಳು ಚಾವಣಿಯವರೆಗೆ ತುಂಬಿದ್ದವು. ಮಲಗಲು ಜಾಗವಿಲ್ಲದೆ ನಡುವಿನ ಸೀಟಿನಲ್ಲಿ ಕಾಲು ಮಡಚಿ ಒರಗಿಕೊಂಡೆ. ದ್ರಾಕ್ಷಿಯ ಸಿಹಿ ಹುಳಿ ವಾಸನೆ ಬರುತ್ತಿತ್ತು. ಗಾಡಿ ಉಬ್ಬುಗಳ ಮೇಲೆ ದೋಣಿಯಂತೆ ಏರಿ ಇಳಿಯಿತು. ಗಾಂಧಿ ಚೌಕದ ಗದ್ದಲ ಕೇಳಿ ಎಚ್ಚರವಾದಾಗ ನಾನು ನಿದ್ದೆ ಹೋಗಿದ್ದೆನೆಂದು ತಿಳಿಯಿತು.

"ಅಕ್ಕಾರ, ಗೊರಕಿ ಹೊಡದ್ರಿ" ಎಂದರು. "ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇನ್ರಿ?"

ಬೇಕಿರಲಿಲ್ಲ. ಹೋಲಿಕೆ ಮುಗಿದಿತ್ತು. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವಳು. ಸಾಕ್ಷಿ ಏನು ಹೇಳಿತು ಎನ್ನುವುದಕ್ಕಿಂತ ಮೊದಲು ಸಾಕ್ಷಿ ಎಲ್ಲಿ ನಿಂತಿತ್ತು ಎಂದು ಕೇಳಬೇಕು ಎಂದು ಅಲ್ಲಿ ಕಲಿಸಿದ್ದರು. ಅಂದು ನಾನದನ್ನು ಕೇಳಿಕೊಳ್ಳಲಿಲ್ಲ. ನಾನು ಹೋಲಿಸಿದ್ದು ಎರಡು ಪಾಟಾಗಳನ್ನಲ್ಲ. ಒಂದು ರಸ್ತೆಯ ಖಾಲಿ ಗಾಡಿಯ ನೆನಪನ್ನು ಇನ್ನೊಂದು ರಸ್ತೆಯ ತುಂಬಿದ ಗಾಡಿಯೊಂದಿಗೆ ಹೋಲಿಸಿದ್ದೆ.

ಅವ್ವನನ್ನು ಒಯ್ಯುವ ದಿನ ತಂಗಿಯ ಗಂಡ ಗಾಡಿಯನ್ನು ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಒಳಗೆಲ್ಲ ತೊಳೆದು ಒರೆಸಿದ್ದರು. ಡಬ್ಬಿಗಳು, ಗೋಣಿಚೀಲಗಳು, ಹೆಚ್ಚಿನ ಗಾಲಿ, ಜಾಕು ಎಲ್ಲವನ್ನೂ ಇಳಿಸಿ ಬಂದಿದ್ದರು. ದಪ್ಪ ಗಾದಿ, ಅದರ ಮೇಲೆ ತಂಗಿ ಹೊಲಿದ ಹೊಸ ಕೌದಿ. ಬರುತ್ತೇವೆಂದಿದ್ದ ಇಬ್ಬರು ಚಿಕ್ಕಮ್ಮಂದಿರನ್ನು ನಾನೇ ಬೇಡವೆಂದಿದ್ದೆ, ಅವ್ವನಿಗೆ ಇಕ್ಕಟ್ಟಾಗಬಾರದೆಂದು. ಗಾಡಿಯಲ್ಲಿದ್ದದ್ದು ಮುಂದೆ ತಂಗಿಯ ಗಂಡ ಮತ್ತು ತಮ್ಮ, ಹಿಂದೆ ಅವ್ವ, ಅವಳ ತಲೆಯ ಬಳಿ ನಾನು.

"ಅಳ್ಯಾರು ಲಗ್ನದ ಮನಿ ಮಾಡ್ಯಾರ" ಎಂದಳು ಅವ್ವ, ಕೌದಿಯ ಮೇಲೆ ಕೈ ಆಡಿಸಿ.

ಊರು ದಾಟುವವರೆಗೆ ಗಾಡಿ ನಿಧಾನಕ್ಕೆ ಹೋಯಿತು. ಆದರೂ ಹಿಂಭಾಗ ಯಾಕೋ ಚಡಪಡಿಸುತ್ತಿತ್ತು. ನನಗೆ ಗೊತ್ತಾಗಿತ್ತು, ಆದರೆ ಇದು ಮೆತ್ತಗಿನ ಗಾಡಿ ಎಂದು ತೀರ್ಮಾನಿಸಿ ಆಗಿತ್ತಲ್ಲ. ಊರಾಚೆ ಒಂದು ಕಡೆ ರಸ್ತೆಗೆ ಹೊಸದಾಗಿ ಉಬ್ಬು ಹಾಕಿದ್ದರು, ಅದಕ್ಕಿನ್ನೂ ಬಿಳಿ ಬಣ್ಣ ಬಳಿದಿರಲಿಲ್ಲ. ತಂಗಿಯ ಗಂಡ ಅದನ್ನು ಕಂಡ ಕೂಡಲೇ ಬ್ರೇಕ್ ಒತ್ತಿದರು. ಮುಂದಿನ ಗಾಲಿ ಮೆಲ್ಲಗೆ ಇಳಿಯಿತು. ಹಿಂದಿನದು ಕುದುರೆ ಒದ್ದಂತೆ ಮೇಲಕ್ಕೆ ಪುಟಿದು ಬಿತ್ತು.

"ಯಪ್ಪಾ!" ಎಂದಳು ಅವ್ವ.

ಗಾಡಿ ನಿಂತಿತು. ತಮ್ಮ ತಿರುಗಿ ನೋಡಿ, "ಮಾಮಾ, ಹಿಂದ ಏನೂ ಹೇರಿಲ್ಲೇನು?" ಎಂದ.

"ಏನ ಹೇರ್ಲಿ? ನಿಮ್ಮ ಅವ್ವನ್ನ ಮಲಗಿಸಾಕಂತ ಎಲ್ಲಾ ತಗದು ಬಂದೀನಲ್ಲ." ಹೇಳುತ್ತಿರುವಾಗಲೇ ಅವರ ಮುಖ ಇಳಿಯಿತು. ಪಾಟಾ ಗಾಡಿ ಖಾಲಿಯಿದ್ದರೆ ಪುಟಿಯುತ್ತದೆ, ಭಾರ ಬಿದ್ದರೆ ಮೆತ್ತಗಾಗುತ್ತದೆ. ಇದು ಅವರಿಗೂ ಗೊತ್ತು, ಆ ಕಡೆಯ ಎಲ್ಲರಿಗೂ ಗೊತ್ತು. ಆದರೆ ಸುಗ್ಗಿಯಲ್ಲಿ ಆ ಗಾಡಿ ಖಾಲಿಯಾಗಿ ಓಡಿದ್ದೇ ಇಲ್ಲ. ಖಾಲಿ ಗಾಡಿ ಹೇಗಿರುತ್ತದೆ ಎಂಬುದು ಅವರ ಮೈಗೆ ಮರೆತುಹೋಗಿತ್ತು. ಕಲ್ಲು ಹೇರೋಣವೆಂದರೆ ಅವ್ವನ ಪಕ್ಕದಲ್ಲಿ ಉರುಳುವಂಥದ್ದನ್ನು ಹಾಕುವ ಹಾಗಿಲ್ಲ.

ತುಸು ಮುಂದೆ ಬೇವಿನ ಮರದ ಕೆಳಗೆ ಐದಾರು ಹೆಂಗಸರು ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದರು. ಒಣದ್ರಾಕ್ಷಿ ಆರಿಸುವ ಕೆಲಸ ಮುಗಿಸಿ ಬಂದವರು. ತಮ್ಮ ಇಳಿದು ಅವರ ಕಡೆ ಹೋದ.

"ಬಬಲೇಶ್ವರದ ಕಡಿ ಹೋಗೂವ್ರು ಹತ್ರಿ."

"ಎಷ್ಟ ತಗೋತೀಪಾ?"

"ಏನೂ ಬ್ಯಾಡ ಬೇ. ಸುಮ್ನ ಬಂದು ಕುಂಡ್ರ್‍ರಿ."

"ಸುಮ್ನ ಕುಂಡ್ರಾಕ ಕರಿಯಾವನ್ನ ಇವತ್ತ ನೋಡೀನಿ ನೋಡವಾ. ಎಲ್ಲಿ ಒಯ್ದು ಒಗೀತಾನೋ!"

ನಾನು ಇಳಿದು ಹೋಗಿ ಹೇಳಿದೆ. ನಮ್ಮವ್ವನ ಬೆನ್ನೆಲುಬು ಮುರಿದಿದೆ, ಗಾಡಿ ಪುಟಿಯುತ್ತಿದೆ, ಒಳಗೆ ಭಾರ ಬೇಕು.

"ಭಾರ ಬೇಕಂದ್ರ ಈಕಿ ಒಬ್ಬಾಕಿನ್ನ ಹತ್ತಿಸ್ಕೋರಿ" ಎಂದಳು ಒಬ್ಬಳು, ಪಕ್ಕದ ದಪ್ಪನೆಯವಳನ್ನು ತೋರಿಸಿ. "ನಾವೆಲ್ಲಾ ಬಸ್ಸಿಗೆ ಬರ್ತೀವಿ."

"ಬಾಯಿ ಮುಚ್ಚಿ ಹತ್ತ ಬೇ. ನಿನ್ನ ಬಾಯಿದ ಭಾರನ ಸಾಕು" ಎಂದು ದಪ್ಪನೆಯವಳು ಬುಟ್ಟಿ ಎತ್ತಿಕೊಂಡಳು.

ಗಾದಿಯ ಎರಡೂ ಬದಿಗೆ, ಅವ್ವನಿಗೆ ತಾಗದಂತೆ ಗೋಡೆಗೆ ಒತ್ತಿ ಕುಳಿತರು. ಗಾಡಿ ಹಿಂದೆ ತಗ್ಗಿತು. ಹೊರಟಾಗ ಅದು ಬೇರೆಯೇ ಗಾಡಿಯಾಗಿತ್ತು. ಬಬಲೇಶ್ವರ ಬಂದಾಗ ಒಬ್ಬಳೂ ಇಳಿಯಲಿಲ್ಲ. "ನಿಡೋಣಿ ಮಟ ಬರ್ತೀವಿ, ಹೊಳ್ಳಿ ಇಲ್ಲಿ ತಂದು ಬಿಡ್ರಿ" ಎಂದರು. ಅವ್ವ ನಕ್ಕಳು ಎಂದು ತಮ್ಮ ಈಗಲೂ ಹೇಳುತ್ತಾನೆ. ನಾನು ಅವಳ ತಲೆಯ ಬಳಿ ಇದ್ದೆ, ನನಗೆ ಕಂಡದ್ದು ಹಣೆ ಮಾತ್ರ. ಕಾಲಿನ ಬಳಿ ಕುಳಿತವಳು ಅವ್ವನ ಪಾದ ಹಿಡಿದುಕೊಂಡಿದ್ದಳು. "ಈ ಕಾಲು ತಣ್ಣಗ ಐತಿ ನೋಡವಾ" ಎಂದಳು, ಎಡಗಾಲನ್ನು ತೋರಿಸಿ.

ಮನೆಯಲ್ಲಿ ಮಲಗಿಸಿದ ಮೇಲೆ ಬೆರಳು ಆಡಿಸು ಎಂದೆ. ಬಲಗಾಲಿನ ಬೆರಳು ಆಡಿದವು. ಎಡಗಾಲಿನ ಹೆಬ್ಬೆರಳು ಸುಮ್ಮನಿತ್ತು.

"ಮುಂಜಾನೆ ಆಡ್ಸಿದ್ಳಲ್ಲ!" ಎಂದ ತಮ್ಮ.

"ಇಲ್ಲ" ಎಂದಳು ಅವ್ವ. "ಬಿದ್ದಾಗಿಂದನ ಹಂಗ ಐತಿ. ನಾನ ಹೇಳಿರಲಿಲ್ಲ."

ಬಾಗಿಲಲ್ಲಿ ತಂಗಿಯ ಗಂಡ ನಿಂತಿದ್ದರು. ಅವಳು ನಿಜ ಹೇಳುತ್ತಿದ್ದಾಳೋ, ಅಳಿಯನ ಮೇಲೆ ಮಾತು ಬಾರದಿರಲಿ ಎಂದು ಹೇಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ.

"ನಾ ನಿನ್ನೆ ಸಂಜಿಗೆ ನೋಡಿದಾಗ ಸರಿ ಇತ್ತು" ಎಂದರು. "ಇವತ್ತ ಗಾಡಿ ಹತ್ತೂಕಿಂತ ಮೊದಲ ಆಗೇತೋ, ಆಮ್ಯಾಲೋ? ಸರಿಯಾಗಿ ನೆನಪ ಮಾಡ್ಕೊಂಡ ಹೇಳ್ರಿ. ನಿಧಾನಕ್ಕ ಬಂದದ್ದಾದ್ರ ನಾಳೆ ಮಟ ನೋಡಬಹುದು. ಝಟಕಾ ಬಿದ್ದ ಮ್ಯಾಲ ಆಗಿದ್ರ ಈಗಿಂದೀಗ ವಾಪಸ್ ಕರ್ಕೊಂಡ ಬರ್‍ರಿ."

ನೆನಪು ಮಾಡಿಕೊಳ್ಳಲು ನೋಡಿದೆ. ಆ ಬೆಳಿಗ್ಗೆ ನರ್ಸು ಬಂದಿದ್ದಳು, ಬೆರಳು ಆಡಿಸಲು ಹೇಳಿದ್ದಳು, ಹೊದಿಕೆಯ ಕೆಳಗಿನಿಂದ ಪಾದಗಳು ಹೊರಗಿದ್ದವು. ಆಡಿದ್ದು ಒಂದೋ ಎರಡೋ? ನಾನು ಆಗ ಔಷಧಿಯ ಚೀಲ ಕಟ್ಟುತ್ತಿದ್ದೆ. ಎರಡೂ ಆಡಿದ ಚಿತ್ರ ಬೇಕೆಂದರೆ ಬರುತ್ತದೆ, ಒಂದೇ ಆಡಿದ ಚಿತ್ರವೂ ಬರುತ್ತದೆ.

"ಆಮ್ಯಾಲ ಆಗೇತ್ರಿ" ಎಂದೆ. "ಗಾಡಿ ಪುಟಿದ ಮ್ಯಾಲ."

ನೆನಪಿನಿಂದ ಹೇಳಿದ್ದಲ್ಲ. ತಪ್ಪಾದರೂ ಯಾವ ಉತ್ತರದಿಂದ ಅವ್ವನ ಕಾಲಿಗೆ ಕಡಿಮೆ ಕೇಡು ಎಂದು ನೋಡಿ ಹೇಳಿದ್ದು. ಬಾಗಿಲಲ್ಲಿದ್ದವರು ಅದನ್ನು ಕೇಳಿಸಿಕೊಂಡರು. ಅವ್ವ ಗೋಡೆಯ ಕಡೆ ಮುಖ ತಿರುಗಿಸಿ, "ಅಳ್ಯಾರ ಮುಂದ ಹಂಗ ಅನಬಾರದಿತ್ತು ನೀ" ಎಂದಳು.

ವಾಪಸು ಹೋಗುವಾಗ ತಂಗಿಯ ಗಂಡ ಕೀಲಿಯನ್ನು ತಮ್ಮನ ಕೈಗೆ ಕೊಟ್ಟರು. ಆ ಹೆಂಗಸರು ಚಹಾ ಮುಗಿಸಿ, ಬಬಲೇಶ್ವರದಲ್ಲಿ ಇಳಿಯದೆ ಆಸ್ಪತ್ರೆಯವರೆಗೂ ಬರುತ್ತೇವೆಂದು ಮತ್ತೆ ಹತ್ತಿ ಕುಳಿತರು. ಅವರಿಂದ ಭಾರವನ್ನು ಎರವಲು ಪಡೆದು ಅವ್ವನನ್ನು ಅದೇ ರಸ್ತೆಯಲ್ಲಿ ಆಸ್ಪತ್ರೆಗೆ ತಲುಪಿಸಿದೆವು. ನರದ ಮೇಲಿನ ಒತ್ತಡ ಇಳಿಸಲು ಆಪರೇಷನ್ ಆಯಿತು. ಬೇಗ ತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಯಾವಾಗ ಆದದ್ದು ಎಂದು ಕೇಳಿದ್ದಕ್ಕೆ, ಅದನ್ನು ಎಲುಬು ನೋಡಿ ಹೇಳಲಾಗದು ಎಂದರು. ಈಗ ಅವ್ವ ವಿಜಯಪುರದ ನನ್ನ ಮನೆಯಲ್ಲಿ, ವಾಕರ್ ಹಿಡಿದು, ಎಡಗಾಲನ್ನು ತುಸು ಎಳೆದುಕೊಂಡು ನಡೆಯುತ್ತಾಳೆ. ಹೆಬ್ಬೆರಳು ಒಂದೊಂದು ದಿನ ಅಲುಗುತ್ತದೆ. ಇನ್ನು ಊರಿಗೆ ಹೋಗಬಹುದು ಎಂದಿದ್ದಾರೆ.

ನಾನು ಫೋನಿನಲ್ಲಿ ಹೇಳಿದ ಆ ಮಾತು ಮಾತ್ರ ಈಗ ಮನೆಯವರೆಲ್ಲರ ನೆನಪಾಗಿದೆ. ತಂಗಿಯ ಗಂಡ ಅಂದಿನಿಂದ ನಮ್ಮ ಮನೆಗೆ ಬಂದಿಲ್ಲ. ಒಮ್ಮೆ ನಾನೇ ಫೋನ್ ಮಾಡಿ, ನನಗೆ ಖಚಿತವಾಗಿ ಗೊತ್ತಿರಲಿಲ್ಲ, ಡಾಕ್ಟರು ಬೇಗ ನೋಡಲಿ ಎಂದು ಹಾಗೆ ಹೇಳಿದೆ ಎಂದೆ. ಅವರು, "ಹಂಗಾದ್ರ ನನ್ನ ಗಾಡ್ಯಾಗ ಆಗಿಲ್ಲ ಅಂತ ಹೇಳ್ತೀರೇನ್ರಿ ಅಕ್ಕಾರ?" ಎಂದರು. ಅದನ್ನೂ ಹೇಳಲಾಗಲಿಲ್ಲ.

ಹೋದ ವಾರ ಅವ್ವ ತಾನೇ ಫೋನ್ ಕೇಳಿ ಇಸಿದುಕೊಂಡು ಅವರ ಜೊತೆ ಮಾತಾಡಿದಳು.

"ಅಳ್ಯಾರ, ಡಾಕ್ಟರ್ ಹೋಗ್ರಿ ಅಂದಾರ. ಗಾಡಿ ತೊಗೊಂಡ ಬರ್‍ರಿ."

ಅತ್ತಲಿಂದ, "ಅತ್ತೀ, ನಿಮ್ಮ ಮಗನ ಗಾಡಿ ಐತಲ್ರಿ" ಎಂದದ್ದು ನನಗೂ ಕೇಳಿಸಿತು.

"ಅದರಾಗ ನಾ ಬರಂಗಿಲ್ರಿ" ಎಂದು ಫೋನನ್ನು ನನಗೆ ಕೊಟ್ಟಳು.

ನಿನ್ನೆ ತಮ್ಮ ಅವಳನ್ನು ಕರೆದೊಯ್ಯಲು ಬಂದಿದ್ದ. ಹಿಂದೆ ಜೋಳದ ಚೀಲ ಹಾಕಿಕೊಂಡೇ ಬಂದಿದ್ದ. ಅವ್ವ ಮಂಚದಿಂದ ಏಳಲಿಲ್ಲ.

"ಯಾಕ ಬೇ, ನನ್ನ ಗಾಡಿಗೆ ಏನಾಗೇತಿ?"

"ನಿನ್ನ ಗಾಡಿಗೆ ಏನೂ ಆಗಿಲ್ಲಪಾ" ಎಂದಳು. "ಮಾತು ಬಂದದ್ದು ಅಳ್ಯಾರ ಗಾಡಿಗೆ. ಅದಕ್ಕ ಬ್ಯಾಡ."